ಕಾಂಕ್ರೀಟಿಗೆ ಕಿವಿಗೊಟ್ಟವರು

ಹೈದರಾಬಾದಿನ ನಮ್ಮ ಕನ್ನಡ ಸಂಘದ ವಾರ್ಷಿಕ ಸಂಚಿಕೆಗೆ, ತಮಗೆ ಪರಿಚಯವಿದ್ದ ವ್ಯಕ್ತಿಯೊಬ್ಬರನ್ನು ಕುರಿತು ಬರೆದು ಕಳುಹಿಸಬೇಕೆಂದು ಸಂಪಾದಕರು ಕೋರಿದ್ದಕ್ಕೆ ಸಂಬಂಧಿಸಿದಂತೆ, ಈ ಕೆಳಗಿನ ವಿಷಯವನ್ನು ಓದುಗರ ಅವಗಾಹನೆಗೆ ತರಲು ಅನುಮತಿ ಬೇಡುತ್ತೇನೆ. ಇದಕ್ಕೆ ಮೊದಲು ನಾನು ಲೇಖನ ಬರೆದವನಲ್ಲ. ಕನ್ನಡದಲ್ಲಿ ನಾನು ಬರೆದಿರುವುದೆಲ್ಲ ಅರ್ಜಿಗಳು. ಅವುಗಳ ಧಾಟಿಯನ್ನು, ಹೈದರಾಬಾದಿನಲ್ಲಿ ಕುಳಿತು ಕಲಬುರ್ಗಿಯ ಕಚೇರಿಗಳಿಗೆ ನೆಂಟರಿಷ್ಟರ ಪರವಾಗಿ ಅರ್ಜಿ ಬರೆದುಕೊಡುತ್ತಿದ್ದ ನನ್ನ ತಂದೆಯವರಿಂದ ಕಲಿತೆ. ಬೇರೆ ಧಾಟಿ ನನಗೆ ಬಾರದು. ಲೋಪಗಳಿದ್ದಲ್ಲಿ ಮನ್ನಿಸಬೇಕಾಗಿ ವಿನಂತಿ.

ನಾನು ಬರೆಯಬಯಸುವ ವ್ಯಕ್ತಿ ಕಳೆದ ತಿಂಗಳು ಅಮೀರ್‌ಪೇಟೆಯಲ್ಲಿ ತೀರಿಕೊಂಡರು. ಅವರ ಅಳಿಯ ದೂರವಾಣಿಯಲ್ಲಿ ತಿಳಿಸಿದರು. ಹೆಸರನ್ನು ಇಲ್ಲಿ ನಮೂದಿಸುತ್ತಿಲ್ಲ. ಹೆಸರು ಹಾಕಲು ಮನೆಯವರ ಒಪ್ಪಿಗೆ ಪಡೆಯಬೇಕು. ಒಪ್ಪಿಗೆ ಕೇಳಲು ಹೋದರೆ ಏನು ಬರೆಯುತ್ತಿದ್ದೇನೆಂದು ಹೇಳಬೇಕು. ಆ ಧೈರ್ಯ ನನಗೆ ಇನ್ನೂ ಬಂದಿಲ್ಲ. ಕೆಲಸದ ಜಾಗದಲ್ಲಿ ಎಲ್ಲರೂ ಅವರನ್ನು ಉಸ್ತಾದ್ ಎಂದೇ ಕರೆಯುತ್ತಿದ್ದರು. ನಾನೂ ಹಾಗೆಯೇ ಕರೆಯುತ್ತೇನೆ.

ನಾನು ಆಗ ಎಂಜಿನಿಯರಾಗಿದ್ದುದು ಕಾಂಕ್ರೀಟು ಕೊಯ್ಯುವ ಸಣ್ಣ ಸಂಸ್ಥೆಯೊಂದರಲ್ಲಿ. ಸಾಫ್ಟ್‌ವೇರ್ ಕಂಪನಿಗಳು ಊರು ತುಂಬ ಕಟ್ಟಡ ಹಿಡಿಯುತ್ತಿದ್ದ ಕಾಲವದು. ಬೇಗಂಪೇಟೆಯಲ್ಲಿ ನಿನ್ನೆಯವರೆಗೆ ಬ್ಯಾಂಕೋ ಸೀರೆ ಅಂಗಡಿಯೋ ಇದ್ದ ಮಹಡಿಯಲ್ಲಿ ಇಂದು ಇನ್ನೂರು ಕಂಪ್ಯೂಟರು ಕೂಡಬೇಕಾಗುತ್ತಿತ್ತು. ಕೇಬಲ್ಲು ಇಳಿಯಲು ಒಂದು ಕಂಡಿ, ಒಳಗಿನ ಮೆಟ್ಟಿಲಿಗೆ ಮತ್ತೊಂದು ಕಂಡಿ, ಹೊಸ ಲಿಫ್ಟಿಗೆ ಇನ್ನೊಂದು. ಸುತ್ತಿಗೆಯಿಂದ ಒಡೆದರೆ ಕಟ್ಟಡವೆಲ್ಲ ಅದುರುತ್ತದೆಂದು ನಮ್ಮನ್ನು ಕರೆಸುತ್ತಿದ್ದರು. ವಜ್ರದ ಕಣಗಳನ್ನು ಅಂಚಿಗೆ ಕೂಡಿಸಿದ ದುಂಡನೆಯ ಬ್ಲೇಡು ಗಾಲಿಯ ಯಂತ್ರದಲ್ಲಿ ಗಿರ್ರನೆ ತಿರುಗುತ್ತ, ನೀರು ಕುಡಿಯುತ್ತ, ಸ್ಲ್ಯಾಬನ್ನು ಕೇಕಿನಂತೆ ಕೊಯ್ಯುತ್ತಿತ್ತು.

ಕೊಯ್ಯುವುದು ಕಷ್ಟವಲ್ಲ. ಒಳಗೆ ಏನಿದೆಯೆಂದು ಕಾಣದಿರುವುದು ಕಷ್ಟ. ಹಳೆಯ ಕಟ್ಟಡಗಳ ನಕ್ಷೆ ಯಾರ ಬಳಿಯೂ ಇರುತ್ತಿರಲಿಲ್ಲ. ದಪ್ಪನೆಯ ಕಬ್ಬಿಣದ ಸರಳಿಗೆ ಬ್ಲೇಡು ವೇಗದಲ್ಲಿ ಬಡಿದರೆ ಬ್ಲೇಡಿನ ಹಲ್ಲು ಹಾರುತ್ತಿತ್ತು. ಹೊಸ ಕಟ್ಟಡಗಳಲ್ಲಾದರೆ ಸ್ಲ್ಯಾಬಿನೊಳಗೆ ಉಕ್ಕಿನ ತಂತಿಗಳನ್ನು ಬಿಗಿಯಾಗಿ ಎಳೆದು ಕೂಡಿಸಿರುತ್ತಾರೆ. ಅಂಥದೊಂದು ತಂತಿ ಅರಿವಿಲ್ಲದೆ ತುಂಡಾದರೆ ಮನುಷ್ಯರಿಗೇ ಅಪಾಯ. ಈ ಕಾರಣದಿಂದ ನಮ್ಮಲ್ಲಿ ಉಸ್ತಾದ್ ಇದ್ದರು.

ಅವರು ಕೆಲಸ ಮಾಡುವ ರೀತಿಯನ್ನು ಮೊದಲ ದಿನ ಕಂಡಾಗ ನನಗೆ ನಗು ಬಂದಿತ್ತೆಂದು ಒಪ್ಪಿಕೊಳ್ಳುತ್ತೇನೆ. ಯಂತ್ರವನ್ನು ಅವರ ಅಳಿಯ ತಳ್ಳುತ್ತಿದ್ದರು. ಅವರು ಎರಡು ಮಾರು ದೂರದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ಮೊಳದುದ್ದದ ಬೇವಿನ ಕೋಲೊಂದರ ತುದಿಯನ್ನು ಸ್ಲ್ಯಾಬಿಗೆ ಊರಿ, ಇನ್ನೊಂದು ತುದಿಯನ್ನು ಎಡಗಿವಿಯ ಹಿಂದಿನ ಎಲುಬಿಗೆ ಒತ್ತಿಕೊಳ್ಳುತ್ತಿದ್ದರು. ಬಲಗೈ ಮೊಣಕಾಲಿನ ಮೇಲೆ. ಆ ಸದ್ದಿನಲ್ಲಿ ಕೂಗಿದರೆ ಕೇಳದು. ಆದ್ದರಿಂದ ಅಳಿಯ ಬ್ಲೇಡಿನ ಕಡೆ ನೋಡುತ್ತಿದ್ದಷ್ಟೇ ಹೊತ್ತು ಮಾವನ ಬಲಗೈಯ ಕಡೆಯೂ ನೋಡುತ್ತಿದ್ದರು. ಒಳಗೆ ಕಬ್ಬಿಣ ಸಿಕ್ಕ ಸದ್ದು ಕೋಲಿನ ಮೂಲಕ ಕೇಳಿದರೆ ಆ ಕೈ ಏಳುತ್ತಿತ್ತು. ಕೈ ಎದ್ದರೆ ಬ್ಲೇಡನ್ನು ಮೇಲೆತ್ತಬೇಕು. ಇಷ್ಟೇ ಅವರ ಏರ್ಪಾಡು.

ಮೊದಲ ಮೂರು ವಾರ ನಾವಿಬ್ಬರೂ ಹಿಂದಿಯಲ್ಲೇ ಮಾತನಾಡಿದೆವು. ಒಂದು ದಿನ ನಾನು ಮನೆಗೆ ಫೋನು ಮಾಡಿ ತಾಯಿಯವರೊಂದಿಗೆ ಮಾತನಾಡುತ್ತಿದ್ದುದು ಅವರ ಕಿವಿಗೆ ಬಿತ್ತು. ಊಟದ ಡಬ್ಬಿ ಮುಚ್ಚಿ ಎದ್ದು ಬಂದು ನನ್ನ ಮುಂದೆ ನಿಂತರು.

“ನಮ್ಮವ್ರೇನ್ರಿ ಸಾಹೇಬ್ರ ನೀವು? ಮತ್ತ ಇಷ್ಟ ದಿನ ನನ್ನ ಬಾಯಿಂದ ಯಾಕ ಹಿಂದಿ ಒದರಿಸಿದ್ರಿ?”

ಅವರು ಗುರಮಿಟ್ಕಲ್ ಕಡೆಯವರು. ಅಂದಿನಿಂದ ಅವರ ಜೋಳದ ರೊಟ್ಟಿ, ಪುಂಡಿ ಪಲ್ಯದಲ್ಲಿ ನನಗೊಂದು ಪಾಲು ನಿಗದಿಯಾಯಿತು. ಬೇಡವೆಂದರೆ ಕೇಳುತ್ತಿರಲಿಲ್ಲ.

ಕೇಳುತ್ತಿರಲಿಲ್ಲ ಎಂದಾಗ ಅವರ ಹತ್ತಿಯ ವಿಷಯವನ್ನು ಹೇಳಬೇಕು. ಕೆಲಸ ಮುಗಿದ ಕೂಡಲೇ ಅವರು ಅಂಗಿಯ ಜೇಬಿನಿಂದ ಹತ್ತಿಯ ಎರಡು ಉಂಡೆ ತೆಗೆದು ಎರಡೂ ಕಿವಿಗೆ ತುರುಕಿಕೊಳ್ಳುತ್ತಿದ್ದರು. ಬಸ್ಸಿನಲ್ಲಿ ಹತ್ತಿ, ಬೀದಿಯಲ್ಲಿ ಹತ್ತಿ, ಮದುವೆ ಮನೆಯಲ್ಲೂ ಹತ್ತಿ. ಬೇಕಾದವರು ಭುಜ ಮುಟ್ಟಿ ಕರೆಯಬೇಕು. ಒಮ್ಮೆ ಬೇಗಂ ಬಜಾರಿಗೆ ಕೊಬ್ಬರಿ, ಬೆಲ್ಲ ಕೊಳ್ಳಲು ನನ್ನನ್ನೂ ಕರೆದುಕೊಂಡು ಹೋಗಿದ್ದರು. ಅಂಗಡಿಯವನು ಬೆಲೆ ಹೇಳಿದಷ್ಟೂ ಇವರು ತಮ್ಮ ಬೆಲೆಯನ್ನೇ ಶಾಂತವಾಗಿ ಹೇಳುತ್ತಿದ್ದರು. ಕೂಗಿ ಕೂಗಿ ಗಂಟಲು ಕಟ್ಟಿದ ಅವನು ಕೊನೆಗೆ ಇವರ ಬೆಲೆಗೇ ತೂಗಿಕೊಟ್ಟ. ಹತ್ತಿ ಏಕೆಂದು ಹೊರಗೆ ಬಂದ ಮೇಲೆ ಭುಜ ಮುಟ್ಟಿ ಕೇಳಿದೆ.

“ಕಿವಿ ಸವೀತಾವ್ರಿ, ಬ್ಲೇಡ್ ಸವದಂಗ. ಬಸ್ಸಿನ ಹಾರ್ನ್ ಕೇಳಾಕ ಯಾಕ ಖರ್ಚ ಮಾಡ್ಲಿ?” ಎಂದರು. ಹೇಳಿ ಹತ್ತಿಯನ್ನು ಮತ್ತೆ ಒತ್ತಿಕೊಂಡರು.

ನಾನು ಆಗ ಸಂಜೆ ಹೊತ್ತು ಅಮೀರ್‌ಪೇಟೆಯ ತರಬೇತಿ ಕೇಂದ್ರವೊಂದರಲ್ಲಿ ಕಂಪ್ಯೂಟರ್ ಭಾಷೆ ಕಲಿಯುತ್ತಿದ್ದೆ. ಸಿವಿಲ್ ಓದಿದ್ದರೂ ಸಾಫ್ಟ್‌ವೇರಿಗೆ ದಾಟಬೇಕೆಂಬ ಆಸೆ ಅಂದು ಎಲ್ಲರಂತೆ ನನಗೂ ಇತ್ತು. ಇದು ನಮ್ಮ ಮ್ಯಾನೇಜರರಿಗೆ ತಿಳಿದು, ಅವರು ನನಗೊಂದು ಕೆಲಸ ವಹಿಸಿದರು. ಕೊಯ್ಯುವಾಗ ಬರುವ ಸದ್ದನ್ನು ಮೈಕಿನಿಂದ ಹಿಡಿದು, ಒಳಗೆ ಏನು ಸಿಕ್ಕಿದೆಯೆಂದು ಕಂಪ್ಯೂಟರೇ ಹೇಳುವಂತೆ ಮಾಡಬೇಕು. ತೊಂದರೆಯಿದ್ದರೆ ಕೆಂಪು ದೀಪ, ಇಲ್ಲದಿದ್ದರೆ ಹಸಿರು. ಗಿರಾಕಿಗಳೆಲ್ಲ ಕಂಪ್ಯೂಟರಿನವರು, ಬೇವಿನ ಕೋಲು ಹಿಡಿದು ಕುಳಿತವರನ್ನು ತೋರಿಸಿದರೆ ಅವರಿಗೆ ವಿಶ್ವಾಸ ಬಾರದೆಂಬುದು ಮ್ಯಾನೇಜರರ ಅಭಿಪ್ರಾಯ.

ಕಂಪ್ಯೂಟರಿಗೆ ಕಲಿಸಲು ಮೊದಲು ನಾನು ಕಲಿಯಬೇಕಿತ್ತು. ನನಗೆ ಕಲಿಸಲು ಉಸ್ತಾದರ ಹೊರತು ಯಾರೂ ಇರಲಿಲ್ಲ. ಅವರ ಕೆಲಸವನ್ನು ನಾನು ಕಂಪ್ಯೂಟರಿನ ಪೆಟ್ಟಿಗೆಗೆ ಹೇಳಿಕೊಡುತ್ತಿದ್ದೇನೆಂದು ಅವರಿಗೆ ಚೆನ್ನಾಗಿ ತಿಳಿದಿತ್ತು. ಆದರೂ ಹೇಳಿಕೊಟ್ಟರು. ಸುಮಾರು ಎಂಟು ತಿಂಗಳು, ಹೆಚ್ಚಾಗಿ ಭಾನುವಾರಗಳಂದು, ಕಚೇರಿಗಳು ಖಾಲಿಯಿದ್ದಾಗ ಧ್ವನಿ ಮುದ್ರಿಸಿಕೊಂಡೆವು. ಸ್ಲ್ಯಾಬಿಗೆ ಮೇಣದಿಂದ ಅಂಟಿಸಿದ ಒಂದು ಮೈಕು. ಉಸ್ತಾದರ ಕಾಲರಿಗೆ ಸಿಕ್ಕಿಸಿದ ಇನ್ನೊಂದು ಮೈಕು. ಸದ್ದು ಬದಲಾದಾಗಲೆಲ್ಲ ಅವರು ಅದರ ಹೆಸರು ಹೇಳಬೇಕು. ನೀರು, ಸಿಮೆಂಟಿನ ರಾಡಿ ಸಿಡಿಯುತ್ತಿದ್ದುದರಿಂದ ಕಂಪ್ಯೂಟರನ್ನು ಗೋಡೆಯಾಚೆ ಮೆಟ್ಟಿಲಿನ ಬಳಿ ಇಟ್ಟುಕೊಂಡು, ಕಿವಿಗೆ ಹೆಡ್‌ಫೋನು ಹಾಕಿಕೊಂಡು ನಾನು ಕುಳಿತಿರುತ್ತಿದ್ದೆ. ಅಲ್ಲಿಂದ ನನಗೆ ಎಲ್ಲವೂ ಕೇಳುತ್ತಿತ್ತು, ಯಾವುದೂ ಕಾಣುತ್ತಿರಲಿಲ್ಲ. ಈ ಅಂಶವನ್ನು ಓದುಗರು ದಯವಿಟ್ಟು ಗಮನದಲ್ಲಿಡಬೇಕು.

ಸದ್ದುಗಳಿಗೆ ನಾನು ಇಂಗ್ಲಿಷಿನಲ್ಲಿ ಸಂಖ್ಯೆ ಕೊಟ್ಟಿದ್ದೆ. ಅವರು ಆ ಸಂಖ್ಯೆಗಳನ್ನು ಒಂದು ದಿನವೂ ಬಳಸಲಿಲ್ಲ. ಬರೀ ಸಿಮೆಂಟು ಮರಳಿನಲ್ಲಿ ಬ್ಲೇಡು ಸಾಗುತ್ತಿದ್ದರೆ ‘ಹಿಟ್ಟು’. ಜಲ್ಲಿಕಲ್ಲು ಕಟಕಟಿಸಿದರೆ ‘ಕಡಲಿ’, ಹುರಿಗಡಲೆ ಅಗಿದ ಹಾಗೆ. ನೀರು ಸಾಲದೆ ಬ್ಲೇಡು ಬಿಸಿಯಾದರೆ ‘ನೀರಡಿಕಿ’. ಸರಳು ಸಿಕ್ಕರೆ ‘ಸೀಟಿ’. ಎಳೆದು ಬಿಗಿದ ತಂತಿ ಸಮೀಪಿಸಿದಾಗಿನ ಸದ್ದಿಗೆ ಅವರಲ್ಲಿ ಹೆಸರಿರಲಿಲ್ಲ. ಬಹಳ ಒತ್ತಾಯಿಸಿ ಕೇಳಿದಾಗ, “ತಂತಿ ಹತ್ರ ಬಂತಂದ್ರ ಸ್ಲ್ಯಾಬ್ ಉಸರ ಹಿಡೀತೈತ್ರಿ. ನೀವೂ ಹಿಡೀರಿ, ತಿಳೀತೈತಿ,” ಎಂದಿದ್ದರು. ಎಷ್ಟೋ ಭಾನುವಾರ ಮೆಟ್ಟಿಲ ಮೇಲೆ ಉಸಿರು ಹಿಡಿದು ಕುಳಿತು ಕೊನೆಗೊಂದು ದಿನ ನನಗೂ ಅದು ತಿಳಿಯಿತು. ಕೇಳುತ್ತಿದ್ದ ಸದ್ದಿನೊಳಗಿಂದ ಏನೋ ಒಂದು ಸಣ್ಣದು ಇಲ್ಲವಾಗುವುದು, ಅಷ್ಟೇ. ಒಳಗೆ ಓಡಿಹೋಗಿ ಹೇಳಿದೆ. ಅವರು ನನ್ನ ತಲೆಯ ಮೇಲೆ ರಾಡಿಯ ಕೈ ಇಟ್ಟು, “ಪಾಸಾದ್ರಿ,” ಎಂದರು. ನನ್ನ ಪದವಿ ಪ್ರಮಾಣಪತ್ರ ಕೈಗೆ ಬಂದ ದಿನ ಅಷ್ಟು ಸಂತೋಷವಾಗಿರಲಿಲ್ಲ.

ಇನ್ನು ನನ್ನ ತಪ್ಪಿನ ವಿಷಯಕ್ಕೆ ಬರುತ್ತೇನೆ.

ವ್ಯವಸ್ಥೆ ಸಿದ್ಧವಾದ ಮೇಲೆ, ಅದು ಮನುಷ್ಯನಿಗಿಂತ ಎಷ್ಟು ಚುರುಕು ಎಂದು ತೋರಿಸುವ ವರದಿಯೊಂದನ್ನು ದೊಡ್ಡ ಗಿರಾಕಿಯೊಬ್ಬರು ಕೇಳಿದರು. ನಾನು ಮುದ್ರಿಕೆಗಳನ್ನೆಲ್ಲ ಮುಂದಿಟ್ಟುಕೊಂಡು ಅಳೆದೆ. ಸದ್ದು ಬದಲಾದ ಕ್ಷಣ ಒಂದು ಕಡೆ, ಉಸ್ತಾದರು ಬಾಯಿ ಬಿಟ್ಟು ‘ಸೀಟಿ’ ಎಂದ ಕ್ಷಣ ಇನ್ನೊಂದು ಕಡೆ. ನಡುವೆ ಮೂರು ಸೆಕೆಂಡು, ಕೆಲವೊಮ್ಮೆ ನಾಲ್ಕು. ಕಂಪ್ಯೂಟರಿನ ದೀಪಕ್ಕೆ ಎರಡೇ ಸೆಕೆಂಡು ಸಾಕಿತ್ತು. ಇಷ್ಟು ಅನುಭವಿಗೆ ಇಷ್ಟು ತಡವೇಕೆಂದು ಯೋಚಿಸಿ ನಾನೇ ಒಂದು ಕಾರಣ ಕಂಡುಕೊಂಡೆ. ಮೂವತ್ತು ವರ್ಷ ಯಂತ್ರದ ಪಕ್ಕದಲ್ಲಿ ಕುಳಿತವರು. ‘ಸದರಿಯವರ ಶ್ರವಣಶಕ್ತಿ ಕುಂದಿರುವ ಸಾಧ್ಯತೆಯಿರುತ್ತದೆ’ ಎಂಬರ್ಥದ ವಾಕ್ಯವೊಂದನ್ನು ವರದಿಯಲ್ಲಿ ಸೇರಿಸಿದೆ. ಬಹಳ ಗಂಭೀರವಾದ ವಾಕ್ಯವೆಂದು ನನಗೆ ಅದರ ಬಗ್ಗೆ ಹೆಮ್ಮೆಯೂ ಇತ್ತು.

ಮ್ಯಾನೇಜರರು ಓದಿ, ಹೌದು, ಹಿಂದಿನಿಂದ ಕರೆದರೆ ಆತ ತಿರುಗುವುದೇ ಇಲ್ಲ, ನಾನೂ ಗಮನಿಸಿದ್ದೇನೆ ಎಂದರು. ಹತ್ತಿಯ ವಿಷಯ ನನಗೆ ಗೊತ್ತಿತ್ತು. ನಾನು ಹೇಳಲಿಲ್ಲ. ಗಿರಾಕಿಗೆ ಹೋದ ಅಂತಿಮ ಪ್ರತಿಯಲ್ಲಿ ‘ಸಾಧ್ಯತೆ’ ಎಂಬ ಪದ ಇರಲಿಲ್ಲ. ನಾನಂತೂ ಸಾಧ್ಯತೆ ಎಂದೇ ಬರೆದಿದ್ದೆ ಎಂಬ ಸಮರ್ಥನೆಯನ್ನು ಬಹುಕಾಲ ಇಟ್ಟುಕೊಂಡಿದ್ದೆ. ಅದರಿಂದ ಯಾರಿಗೂ ಪ್ರಯೋಜನವಾಗಲಿಲ್ಲ.

ಗಿರಾಕಿಯ ಸುರಕ್ಷತಾ ಅಧಿಕಾರಿ, ಕಿವಿ ಕೇಳದವರನ್ನು ಯಂತ್ರದ ಬಳಿ ಬಿಡಬಾರದೆಂದು ಪತ್ರ ಬರೆದರು. ಉಸ್ತಾದರನ್ನು ಕೆಲಸದಿಂದ ಬಿಡಿಸಲಾಯಿತು. ಅಂದು ಅವರು ನನ್ನ ಮೇಜಿನ ಬಳಿ ಬಂದು, ವರದಿಯಲ್ಲಿ ಏನು ಬರೆದಿದೆಯೆಂದು ಓದಿ ಹೇಳಲು ಕೇಳಿದರು. ಓದಿ ಕನ್ನಡದಲ್ಲಿ ಹೇಳಿದೆ.

“ಕಂಪ್ಯೂಟರ್ನಾಗ ಹಂಗ ಬಂತೇನ್ರಿ?”

“ಹೌದ್ರಿ ಉಸ್ತಾದ್ರ. ಅಳದೇ ಬರದೀನಿ.”

“ಅಳದೀರಂದ್ರ ಆತ ಬಿಡ್ರಿ,” ಎಂದರು. ವಾದ ಮಾಡಲಿಲ್ಲ. ಮಾಡಬೇಕಿತ್ತೆಂದು ಇಂದಿಗೂ ಅನ್ನಿಸುತ್ತದೆ.

ನಮ್ಮ ವ್ಯವಸ್ಥೆಗೆ ಒಳ್ಳೆಯ ಹೆಸರು ಬಂತು. ನನ್ನ ನೌಕರಿ ಕಾಯಂ ಆಯಿತು. ನನಗೆಂದು ಹವಾನಿಯಂತ್ರಿತ ಕೋಣೆಯೊಂದನ್ನು ಕೊಟ್ಟರು. ಒಂದು ವರ್ಷದ ಮೇಲೆ ಬೇಗಂಪೇಟೆ ರೈಲು ನಿಲ್ದಾಣದಲ್ಲಿ ಅಳಿಯ ಸಿಕ್ಕರು. ಅವರು ನಮ್ಮಲ್ಲೇ ಯಂತ್ರ ತಳ್ಳುತ್ತಿದ್ದರಾದರೂ ನನ್ನೊಡನೆ ಮಾತು ನಿಲ್ಲಿಸಿದ್ದರು. ಅಂದು ನಾನೇ ಹೋಗಿ ಉಸ್ತಾದರ ಕ್ಷೇಮ ವಿಚಾರಿಸಿದೆ. ಕಿವಿ ಈಗ ಹೇಗಿದೆ ಎಂದೂ ಕೇಳಿದೆ.

“ಕಿವಿಗೇನ ಆಗಿತ್ರಿ?” ಎಂದರು ಅಳಿಯ. “ಅವ್ರು ಮೊದಲ ಕೈ ಎತ್ತತಿದ್ರು. ನಾ ಬ್ಲೇಡ್ ಎತ್ತೂತನಕ ನನ್ನ ಮ್ಯಾಗಿಂದ ಕಣ್ಣ ತಗೀತಿದ್ದಿಲ್ಲ. ಎತ್ತಿದ ಮ್ಯಾಲ ನಿಮ್ಮ ಮೈಕಿಗೆ ಬಾಯಿ ಬಿಡತಿದ್ರು. ಮಂದಿ ಜೀವ ಮೊದಲೋ ನಿಮ್ಮ ರೆಕಾರ್ಡಿಂಗ ಮೊದಲೋ? ನಿಮ್ಮ ಮೈಕಿಗೆ ಕಣ್ಣ ಇದ್ದಿಲ್ಲ. ನಿಮಗೂ ಇದ್ದಿಲ್ಲೇನ್ರಿ?”

ರೈಲು ಬಂತು. ಅವರು ಹತ್ತಿಕೊಂಡರು. ನಾನು ಕಚೇರಿಗೆ ಮರಳಿ ಹಳೆಯ ಮುದ್ರಿಕೆಗಳನ್ನು ತೆಗೆದು ಕೇಳಿದೆ. ಸದ್ದು ಬದಲಾಗುತ್ತದೆ. ಒಂದು ಸೆಕೆಂಡು ಕಳೆಯುವಷ್ಟರಲ್ಲಿ ಯಂತ್ರದ ದನಿ ಹಗುರಾಗುತ್ತದೆ, ಅಂದರೆ ಬ್ಲೇಡು ಮೇಲೆದ್ದಿದೆ. ಅದಾದ ಮೇಲೆ ಉಸ್ತಾದರ ನಿಧಾನವಾದ ದನಿ: ‘ಸೀಟಿ’. ಮುಂದಿನದೂ ಹಾಗೆಯೇ. ಅದರ ಮುಂದಿನದೂ. ನಾನು ಅಳೆದದ್ದು ಅವರ ಕಿವಿಯನ್ನಲ್ಲ. ಅಳಿಯನ ಬಗೆಗಿನ ಅವರ ಎಚ್ಚರಿಕೆಯನ್ನು. ಅವರು ನನ್ನ ದೀಪಕ್ಕಿಂತ ಚುರುಕಾಗಿದ್ದರು. ಸದ್ದಿನಿಂದಲೇ ಎಲ್ಲವನ್ನೂ ತಿಳಿಯಬಹುದೆಂದು ಹೊರಟ ನಾನು ಅದೇ ಸದ್ದಿನಲ್ಲಿದ್ದ ಸಾಕ್ಷಿಯನ್ನು ಕೇಳಿಸಿಕೊಂಡಿರಲಿಲ್ಲ. ಮೊದಲ ದಿನವೇ ಅವರ ಕೈ ಏಳುವುದನ್ನು ಕಣ್ಣಾರೆ ನೋಡಿದ್ದವನು ನಾನು.

ಅಂದೇ ತಿದ್ದುಪಡಿ ಪತ್ರವೊಂದರ ಕರಡು ಬರೆದೆ. ಬರೆದು ಮೇಜಿನ ಖಾನೆಯಲ್ಲಿಟ್ಟೆ. ಅದನ್ನು ಒಪ್ಪಿಸಿದರೆ ವರದಿ ಸುಳ್ಳಾಗುತ್ತದೆ, ವರದಿ ಸುಳ್ಳಾದರೆ ವ್ಯವಸ್ಥೆಯನ್ನು ಯಾರು ಕೊಳ್ಳುತ್ತಾರೆ, ನನ್ನ ಗತಿಯೇನು ಎಂಬ ಭಯ. ನಾಲ್ಕು ತಿಂಗಳಲ್ಲಿ ಆ ಕರಡನ್ನು ಆರೇಳು ಸಲ ತೆಗೆದು, ಪದಗಳನ್ನು ತಿದ್ದಿ, ಮತ್ತೆ ಒಳಗಿಟ್ಟಿದ್ದೇನೆ. ಭಾಷೆ ಮಾತ್ರ ಉತ್ತಮವಾಗುತ್ತ ಹೋಯಿತು. ಕಡೆಗೊಂದು ಬೆಳಿಗ್ಗೆ ಮ್ಯಾನೇಜರರಿಗೆ ಒಪ್ಪಿಸಿದೆ. ಅವರು ನಿಂತಲ್ಲೇ ಓದಿ, ಹೌದೇ, ಹಾಗಿದ್ದರೆ ಮತ್ತೆ ಕರೆಸಿಕೊಳ್ಳಿ, ಗಿರಾಕಿಗೆ ನಾನು ಹೇಳುತ್ತೇನೆ ಎಂದು ಚಹಾ ತರಿಸಲು ಗಂಟೆ ಒತ್ತಿದರು. ಅಷ್ಟೇ. ಇಷ್ಟು ಸುಲಭವಾಗಿತ್ತೆಂಬುದನ್ನು ನೆನೆದಾಗ, ಬೈದಿದ್ದರೂ ಚೆನ್ನಾಗಿತ್ತು ಎನ್ನಿಸುತ್ತದೆ.

ಉಸ್ತಾದರು ಆಗ ಅಮೀರ್‌ಪೇಟೆಯಲ್ಲಿ, ತರಬೇತಿಗೆ ಬರುವ ಹೆಣ್ಣುಮಕ್ಕಳ ಹಾಸ್ಟೆಲೊಂದರ ಬಾಗಿಲಲ್ಲಿ ಕಾವಲುಗಾರರಾಗಿದ್ದರು. ಎದುರಿಗೇ ಬಸ್ಸುಗಳ ಸಾಲು, ಹಾರ್ನಿನ ಗದ್ದಲ. ಅವರ ಕಿವಿಯಲ್ಲಿ ಹತ್ತಿಯಿರಲಿಲ್ಲ. ಭುಜ ಮುಟ್ಟಲು ಕೈ ಚಾಚಿದ ನಾನು ಸುಮ್ಮನೆ ಕರೆದೆ. ತಿರುಗಿ ನಕ್ಕರು. ಸ್ಟೂಲನ್ನು ನನಗೆ ಕೊಟ್ಟು ತಾವು ನಿಂತರು. ನಾನೂ ಕೂಡಲಿಲ್ಲ. ಆದದ್ದನ್ನೆಲ್ಲ ಹೇಳಿ ಕ್ಷಮೆ ಕೇಳಿದೆ. ಅವರಿಗೆ ಕೋಪ ಬಂದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಬರಲಿಲ್ಲ.

“ಅಂದ್ರ, ನನಗ ಕೇಳತಿತ್ತು ಅಂತೀರಿ?” ಎಂದು ಕೇಳಿದರು.

ನಾನು ಹೌದೆಂದೆ.

“ನೀವು ಬರದಮ್ಯಾಲ ನಾ ಒಂದ ಕಡೆ ಕೂಲಿಗೆ ಹೋಗಿದ್ದೆರಿ, ಬೇರೆಯವ್ರ ಬಲ್ಲಿ. ಕೋಲ ಊರಿ ಕುಂತೆ. ಸೀಟಿ ಬಂತು. ಬಂತೋ, ನನಗ ಹಂಗ ಅನಸ್ತೋ? ಕಲ್ತವ್ರು ಅಳದು ಬರದಾರ, ಕೇಳಂಗಿಲ್ಲ ಅಂತ. ಮತ್ತ ಇದೇನ ಕೇಳಾಕತ್ತೈತಿ? ಅಂತ ಎದ್ದು ಬಂದೆ.”

ನನ್ನ ವರದಿ ಅವರ ಕೆಲಸವನ್ನು ಕಿತ್ತುಕೊಂಡಿತೆಂದು ಮಾತ್ರ ನಾನು ತಿಳಿದಿದ್ದೆ. ಅವರು ಅದನ್ನು ನಂಬಿದ್ದಾರೆಂದು ನನಗೆ ಹೊಳೆದಿರಲಿಲ್ಲ. ನಾನು ಬರೆದದ್ದು ತಪ್ಪು, ತಪ್ಪು ಎಂದು ಮತ್ತೆ ಮತ್ತೆ ಹೇಳಿದೆ. ಅವರು ನನ್ನನ್ನೇ ಸಮಾಧಾನಪಡಿಸಿ, ಮುಂದಿನ ಭಾನುವಾರ ಬರುವುದಾಗಿ ಮಾತು ಕೊಟ್ಟರು.

ಭಾನುವಾರ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು. ಬೇಗಂಪೇಟೆಯ ಮೂರನೆಯ ಮಹಡಿ. ಅಳಿಯ ಕೋಲನ್ನು ಎರಡೂ ಕೈಯಲ್ಲಿ ಮಾವನಿಗೆ ಕೊಟ್ಟರು. ಅಂದು ನಾನು ಮೆಟ್ಟಿಲ ಬಳಿ ಕೂಡದೆ, ದೀಪದ ಪೆಟ್ಟಿಗೆಯೊಂದಿಗೆ ಅವರ ಎದುರಿಗೇ ಕುಳಿತೆ, ಅವರ ಕೈ ಕಾಣುವಂತೆ. ಯಂತ್ರ ಶುರುವಾಯಿತು. ಹಿಟ್ಟು. ಕಡಲಿ. ಮತ್ತೆ ಹಿಟ್ಟು. ಅವರ ಕಣ್ಣು ಅರ್ಧ ಮುಚ್ಚಿತ್ತು. ಮುಖ ನಿಧಾನವಾಗಿ ಹಳೆಯ ಮುಖವಾಗುತ್ತಿರುವುದನ್ನು ನೋಡುತ್ತಿದ್ದೆ.

ಆಮೇಲೆ ಸೀಟಿ ಬಂತು. ಅವರು ಕಲಿಸಿದ್ದರಿಂದ ಹೆಡ್‌ಫೋನಿಲ್ಲದೆಯೂ ನನಗೆ ತಿಳಿಯಿತು. ಅವರಿಗೆ ನನಗಿಂತ ಮೊದಲೇ ತಿಳಿಯಿತು. ಹುಬ್ಬು ಅಲುಗಿದ್ದನ್ನು ನಾನು ಕಂಡೆ. ಬಲಗೈ ಮೊಣಕಾಲಿನಿಂದ ಎರಡು ಬೆರಳಿನಷ್ಟು ಎದ್ದು, ಅಲ್ಲಿಯೇ ನಿಂತಿತು. ಅಳಿಯ ಆ ಕೈಯನ್ನೇ ನೋಡುತ್ತ ಯಂತ್ರ ತಳ್ಳುತ್ತಲೇ ಇದ್ದರು. ಉಸ್ತಾದರು ಕಣ್ಣು ತೆರೆದು ನನ್ನ ಪೆಟ್ಟಿಗೆಯ ಕಡೆ ನೋಡಿದರು. ದೀಪ ಕೆಂಪಾಯಿತು. ಆಗ ಕೈ ಪೂರ್ತಿಯಾಗಿ ಮೇಲೆದ್ದಿತು.

ಸಿಕ್ಕದ್ದು ಸಾಧಾರಣ ಸರಳು. ಬ್ಲೇಡಿನ ಒಂದೆರಡು ಹಲ್ಲು ಹೋದದ್ದು ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ. ಅಳಿಯ ಬ್ಲೇಡು ಬಿಚ್ಚತೊಡಗಿದರು. ಉಸ್ತಾದರು ನಲ್ಲಿಯ ಬಳಿ ಹೋಗಿ ಬಹಳ ಹೊತ್ತು ಕೈ ತೊಳೆದರು. ನಾನು ಹಿಂದೆ ಹೋಗಿ, ನಿಮಗೆ ದೀಪಕ್ಕಿಂತ ಮೊದಲೇ ಕೇಳಿಸಿತು, ನಾನು ನೋಡಿದೆ ಎಂದೆ.

“ಕೇಳಸ್ತರಿ,” ಎಂದರು. “ದೀಪ ಹತ್ತೂತನಕ, ಕೇಳಸ್ತು ಅನ್ನೂದ ಖರೆ ಅನಸಲಿಲ್ಲ.”

ಮರುದಿನವೂ ಕೆಲಸವಿತ್ತು. ಅವರು ಬರಲಿಲ್ಲ. ನಾನು ಕರೆಯಲು ಹೋಗಲಿಲ್ಲ.